ರೈಲಿಗೆ ದಾರಿ ಬಿಟ್ಟ ಮದ್ದಿನ ಮನೆ

2017ರ ಮಾರ್ಚ್ ತಿಂಗಳಲ್ಲಿ ಶ್ರೀರಂಗಪಟ್ಟಣದ ರೈಲು ನಿಲ್ದಾಣದ ಬಳಿ ಒಂದು ಕಟ್ಟಡ ನಡೆಯಿತು. ಟಿಪ್ಪು ಸುಲ್ತಾನನ ಕಾಲದ ಮದ್ದಿನ ಮನೆ ಅದು. ಇಟ್ಟಿಗೆ ಮತ್ತು ಗಾರೆಯಿಂದ ಕಟ್ಟಿದ್ದು. ತೂಕ ಸುಮಾರು ಒಂದು ಸಾವಿರ ಟನ್. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಕೂತಿದ್ದ ಜಾಗವನ್ನು ಬಿಟ್ಟು, ನೂರು ಮೀಟರಿಗೂ ಹೆಚ್ಚು ದೂರ ಸರಿದು, ಹೊಸ ಅಡಿಪಾಯದ ಮೇಲೆ ಅದು ನೆಲೆ ನಿಂತಿತು. ನೋಡಲು ಊರ ಜನ ಸೇರಿದ್ದರು. ಆದರೆ ನಿಂತು ನೋಡಿದವರಿಗೆ ಏನೂ ಕಾಣುವಂತಿರಲಿಲ್ಲ. ಕಟ್ಟಡದ ನಡಿಗೆ ಗಡಿಯಾರದ ಗಂಟೆ ಮುಳ್ಳಿನ ನಡಿಗೆಯ ಹಾಗೆ. ಹೋಗಿ ಊಟ ಮಾಡಿ ಬಂದರೆ ಮಾತ್ರ ಅದು ಸರಿದದ್ದು ಗೊತ್ತಾಗುವಂಥದು.

ಇಷ್ಟೆಲ್ಲ ನಡೆದದ್ದು ರೈಲಿಗಾಗಿ. ಬೆಂಗಳೂರು–ಮೈಸೂರು ರೈಲು ಮಾರ್ಗವನ್ನು ಜೋಡಿ ಹಳಿ ಮಾಡುವ ಕೆಲಸ ವರ್ಷಗಟ್ಟಲೆ ಕುಂಟುತ್ತ ಸಾಗಿತ್ತು. ಉಳಿದ ಕಡೆ ಎರಡನೆಯ ಹಳಿ ಬಿದ್ದರೂ ಶ್ರೀರಂಗಪಟ್ಟಣದಲ್ಲಿ ಒಂದು ತುಂಡು ಬಾಕಿ ಉಳಿದಿತ್ತು. ಆ ತುಂಡಿನ ದಾರಿಯಲ್ಲಿ ಮದ್ದಿನ ಮನೆ ಕೂತಿತ್ತು. ಕೆಡವೋಣವೆಂದರೆ ಅದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದ್ದ ಸ್ಮಾರಕ. ಹಳಿಯನ್ನೇ ಬಳಸಿ ಒಯ್ಯೋಣವೆಂದರೆ ಒಂದು ಕಡೆ ನಿಲ್ದಾಣ, ಇನ್ನೊಂದು ಕಡೆ ಊರು, ಹಿಂದೆ ಮುಂದೆ ಕಾವೇರಿಯ ಸೇತುವೆಗಳು. ಸೇತುವೆಯ ಬಾಯಿಗೆ ಹಳಿ ನೇರವಾಗಿ ಹೋಗಿ ಸೇರಬೇಕು. ದ್ವೀಪದ ಊರಿನಲ್ಲಿ ರೈಲಿಗೆ ಸೊಂಟ ತಿರುಗಿಸಲು ಜಾಗ ಎಲ್ಲಿ?

ಸ್ಮಾರಕವನ್ನು ಸ್ಥಳಾಂತರಿಸುವುದು ಈ ಸೀಮೆಗೆ ಹೊಸತಲ್ಲ. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ್ದ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದ್ದನ್ನು ಪ್ರವಾಸಿಗರೆಲ್ಲ ಬಲ್ಲರು. ಈಜಿಪ್ಟಿನಲ್ಲಿ ಆಸ್ವಾನ್ ಅಣೆಕಟ್ಟು ಕಟ್ಟುವಾಗ, 1960ರ ದಶಕದಲ್ಲಿ, ಅಬು ಸಿಂಬೆಲ್ ಗುಡಿಯನ್ನು ತುಂಡು ತುಂಡಾಗಿ ಕೊಯ್ದು ಎತ್ತರದ ಜಾಗಕ್ಕೆ ಸಾಗಿಸಿದ್ದೂ ಇದೇ ಬಗೆ. ಕಲ್ಲಿನ ಗುಡಿಗೆ ಈ ಉಪಾಯ ಸರಿ. ಪ್ರತಿ ಕಲ್ಲಿಗೂ ಒಂದು ನಂಬರ್ ಬರೆದಿಟ್ಟರೆ ಅದೇ ಕ್ರಮದಲ್ಲಿ ಮತ್ತೆ ಜೋಡಿಸಬಹುದು. ಇಟ್ಟಿಗೆ–ಗಾರೆಯ ಗೋಡೆಗೆ ಇದು ಒಗ್ಗದು. ಗಾರೆ ಇಟ್ಟಿಗೆಯನ್ನು ಕಚ್ಚಿ ಹಿಡಿದಿರುತ್ತದೆ; ಬಿಚ್ಚಲು ಹೋದರೆ ಪುಡಿ ಕೈಗೆ ಬರುತ್ತದೆ. ಆದ್ದರಿಂದ ಮದ್ದಿನ ಮನೆಯನ್ನು ಇಡಿಯಾಗಿಯೇ ಒಯ್ಯಬೇಕಾಯಿತು.

ಅಮೆರಿಕದಲ್ಲಿ ಮನೆಗಳನ್ನು ಇಡಿಯಾಗಿ ಸಾಗಿಸುವುದನ್ನೇ ಕಸುಬು ಮಾಡಿಕೊಂಡ ಕಂಪನಿಗಳಿವೆ. ಅಂಥ ಒಂದು ಸಂಸ್ಥೆ ವುಲ್ಫ್, ದೆಹಲಿಯ ಪಿಎಸ್ಎಲ್ ಎಂಜಿನಿಯರಿಂಗ್ ಜೊತೆ ಸೇರಿ ಈ ಕೆಲಸ ವಹಿಸಿಕೊಂಡಿತು. ಕ್ರಮ ಹೇಳಲು ಸರಳ. ಕಟ್ಟಡದ ಸುತ್ತಲೂ ಮಣ್ಣು ತೆಗೆಯಬೇಕು. ಗೋಡೆಯ ಬುಡದಲ್ಲಿ ಒಂದಾದ ಮೇಲೊಂದರಂತೆ ಉಕ್ಕಿನ ತೊಲೆಗಳನ್ನು ತೂರಿಸಿ ಇಡೀ ಭಾರವನ್ನು ಅವುಗಳ ಮೇಲೆ ತರಬೇಕು. ಆಮೇಲೆ ಹೈಡ್ರಾಲಿಕ್ ಜಾಕ್‌ಗಳಿಂದ ಎತ್ತಿ, ಹಾಸಿದ ಉಕ್ಕಿನ ದಾರಿಯ ಮೇಲೆ ಇಂಚು ಇಂಚಾಗಿ ತಳ್ಳಬೇಕು. ಎಲ್ಲ ಜಾಕ್‌ಗಳೂ ಒಂದೇ ಸಮನೆ ಏಳಬೇಕು ಎಂಬುದೇ ಇದರ ಗುಟ್ಟು. ಲಾರಿಯ ಟೈರು ಬದಲಿಸುವವನಿಗೆ ಒಂದು ಮೂಲೆ ಎತ್ತಿದರೆ ಸಾಕು. ಇಲ್ಲಿ ಒಂದು ಮೂಲೆ ಅರ್ಧ ಇಂಚು ಮುಂಚೆ ಎದ್ದರೂ ಹಳೆಯ ಗೋಡೆ ಬಾಯಿ ಬಿಡುತ್ತದೆ. ಖರ್ಚು ಹತ್ತು ಕೋಟಿ ರೂಪಾಯಿ ದಾಟಿತು. ಒಂದು ಕೋಣೆಗೆ ಇಷ್ಟೊಂದು ದುಡ್ಡೇ ಎಂದವರೂ ಇದ್ದರು. ಆದರೆ ಆ ಕೋಣೆ ಅಡ್ಡ ಕೂತಿದ್ದರಿಂದ ಮೈಸೂರು ಮಾರ್ಗದ ಪ್ರಯಾಣಿಕರೆಲ್ಲ ಕಳೆದುಕೊಂಡ ಹೊತ್ತನ್ನು ಯಾರೂ ಲೆಕ್ಕ ಹಾಕಲಿಲ್ಲ.

ಮದ್ದಿನ ಮನೆಯ ಮೂಲ ಕಥೆಯೂ ಪ್ರಯೋಗದ ಕಥೆಯೇ. ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಹಾರಿಸುವ ರಾಕೆಟ್ಟುಗಳಿಗೆ ಮೈಸೂರು ಸೇನೆ ಹೆಸರಾಗಿತ್ತು. ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ ತಯಾರಿಸಿದ್ದು ಇಲ್ಲಿಂದ ಹೋದ ಮಾದರಿಗಳನ್ನು ನೋಡಿದ ಮೇಲೆ. ದಪ್ಪ ಗೋಡೆಯ, ಅರ್ಧ ನೆಲದೊಳಗೆ ಹುದುಗಿದಂತಿರುವ ಇಂಥ ಮದ್ದಿನ ಮನೆಗಳು ಶ್ರೀರಂಗಪಟ್ಟಣದಲ್ಲಿ ಹಲವು. 1799ರ ಮೇ 2ರಂದು ಬ್ರಿಟಿಷರ ಗುಂಡು ಬಿದ್ದು ಕೋಟೆಯೊಳಗಿನ ಒಂದು ರಾಕೆಟ್ ಉಗ್ರಾಣ ಸಿಡಿಯಿತು. ಎರಡು ದಿನ ಕಳೆದು ಕೋಟೆ ಬಿತ್ತು.

ಕೋಟೆ ಬಿದ್ದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು. ಶ್ರೀರಂಗಪಟ್ಟಣ ದಾರಿಯ ಮೇಲಿನ ಊರಾಯಿತು. ಈ ಮಾತನ್ನು ಕೊಂಚ ಗಮನಿಸಬೇಕು. ಆಮೇಲೆ ಈ ಊರಿಗೆ ಬಂದ ಹೊಸ ಅನುಕೂಲಗಳಲ್ಲಿ ಬಹುಪಾಲು ಊರಿಗಾಗಿ ಬಂದದ್ದಲ್ಲ, ದಾರಿಗಾಗಿ ಬಂದದ್ದು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಾವೇರಿಗೆ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ ಬಂತು. ಎತ್ತಿನ ಗಾಡಿಗಾಗಿ ಕಟ್ಟಿದ ಆ ಸೇತುವೆಯ ಮೇಲೆ ನೂರು ವರ್ಷ ಕಳೆದು ಮೋಟಾರುಗಳೂ ಓಡಾಡಿದವು.

ರೈಲು ಬಂದದ್ದು ಬರದ ಬೆನ್ನಿಗೆ. 1876ರಿಂದ 78ರವರೆಗಿನ ಮಹಾಕ್ಷಾಮ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ನುಂಗಿತು. ಹೊರಗೆ ಧಾನ್ಯ ಇದ್ದರೂ ಒಳನಾಡಿಗೆ ತಲುಪಿಸುವ ದಾರಿ ಇರಲಿಲ್ಲ ಎಂಬ ಪಾಠವನ್ನು ಸರ್ಕಾರ ಆಗ ಕಲಿಯಿತು. ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ಹಳಿ ಹಾಕುವ ಕೆಲಸ ಕ್ಷಾಮದ ಕೂಲಿಯೊಂದಿಗೆ ತಳುಕು ಹಾಕಿಕೊಂಡಿತು. 1881ರಲ್ಲಿ ಆಳ್ವಿಕೆ ಮತ್ತೆ ಒಡೆಯರಿಗೆ ಬಂದು, ರಂಗಾಚಾರ್ಲು ದಿವಾನರಾದರು. 1882ರ ಹೊತ್ತಿಗೆ ಎಂಬತ್ತಾರು ಮೈಲಿಯ ಹಳಿ ಮೈಸೂರು ಮುಟ್ಟಿತು. ಶ್ರೀರಂಗಪಟ್ಟಣದಲ್ಲಿ ಅದು ಕಾವೇರಿಯ ಎರಡೂ ಕವಲುಗಳನ್ನು ದಾಟಿ, ಕೋಟೆಯ ಆವರಣವನ್ನೇ ಸೀಳಿಕೊಂಡು ಹೋಯಿತು. ಆಗ ಸ್ಮಾರಕದ ಮಾತು ಎತ್ತಿದವರು ಇದ್ದಂತಿಲ್ಲ. ಕೋಟೆ ಇನ್ನೂ ಸೋಲಿನ ಗುರುತಾಗಿತ್ತೇ ಹೊರತು ಇತಿಹಾಸ ಆಗಿರಲಿಲ್ಲ.

ಪಾಂಡವಪುರಕ್ಕೂ ರೈಲು ಸಿಕ್ಕಿತು; ಸಿಕ್ಕಿತು ಎಂದರೆ ಊರಿನಿಂದ ಕೆಲವು ಕಿಲೋಮೀಟರ್ ದೂರದಲ್ಲಿ ಸಿಕ್ಕಿತು. ಹೈದರ್–ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದ ಹಿರೋಡೆಯ ಬಂಡೆಗಳಿಂದಾಗಿ ಬ್ರಿಟಿಷರು ಆ ಊರನ್ನು ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದರು. ನಿಲ್ದಾಣಕ್ಕೂ ಅದೇ ಹೆಸರು. ಕೃಷ್ಣರಾಜಪೇಟೆಯ ಪಾಲಿಗೆ ಮೈಸೂರು–ಅರಸೀಕೆರೆ ಹಳಿ ಬರುವವರೆಗೂ ರೈಲಿನ ಮಾತಿರಲಿಲ್ಲ. ಬಂದಾಗಲೂ ಅದು ಅಕ್ಕಿಹೆಬ್ಬಾಳು, ಮಂದಗೆರೆ ಕಡೆಯಿಂದ ಹೋಯಿತು. ತಾಲ್ಲೂಕಿನಲ್ಲಿ ರೈಲು, ಪೇಟೆಯಲ್ಲಿ ಇಲ್ಲ. ನಾಗಮಂಗಲಕ್ಕಂತೂ ಯಾವ ದಿಕ್ಕಿನಿಂದಲೂ ಹಳಿ ಬರಲಿಲ್ಲ. ಕಂಚಿನ ಕೆಲಸಕ್ಕೆ, ಸೌಮ್ಯಕೇಶವನ ಗುಡಿಗೆ ಹೆಸರಾದ ಊರಿಗೆ ಹೋಗಬೇಕಾದವರು ಮೋಟಾರನ್ನೇ ನಂಬಬೇಕಾಯಿತು.

ಮೋಟಾರೆಂದರೆ ಪೆಟ್ರೋಲು. ಎರಡನೆಯ ಮಹಾಯುದ್ಧ ಶುರುವಾಗಿ ಪೆಟ್ರೋಲಿಗೆ ಪಡಿತರ ಬಂದಾಗ ಈ ನಾಲ್ಕೂ ತಾಲ್ಲೂಕುಗಳ ಓಡಾಟದ ಕುತ್ತಿಗೆಗೆ ಹಗ್ಗ ಬಿತ್ತು. ಆಗಿನ ಪರಿಹಾರವೇ ಇದ್ದಿಲ ಬಸ್ಸು. ಹಳೆಯ ಮೈಸೂರಿನ ಮನೆಗಳಲ್ಲಿ ಈ ಬಸ್ಸಿನ ಕಥೆ ಅಜ್ಜಂದಿರಿಂದ ಮೊಮ್ಮಕ್ಕಳಿಗೆ ನಗೆಚಾಟಿಕೆಯಾಗಿ ಇಳಿದು ಬಂದಿದೆ. ಅದು ಆ ಕಾಲದ ಗಂಭೀರ ತಾಂತ್ರಿಕ ಪ್ರಯೋಗ ಎಂಬುದು ಮಾತ್ರ ಮರೆತುಹೋಗಿದೆ.

ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಒಂದು ಕಬ್ಬಿಣದ ಉರುಳೆ ಕಟ್ಟಿರುತ್ತಿದ್ದರು. ಅದರೊಳಗೆ ಇದ್ದಿಲು. ಕೆಳಗೆ ಬೆಂಕಿ ಹೊತ್ತಿಸಿ, ಗಾಳಿಯನ್ನು ಅಳೆದು ಬಿಡಬೇಕು. ಗಾಳಿ ಧಾರಾಳವಾದರೆ ಇದ್ದಿಲು ಪೂರ್ತಿ ಉರಿದು ಬೂದಿಯಾಗಿ, ಪ್ರಯೋಜನವಿಲ್ಲದ ಹೊಗೆ ಏಳುತ್ತದೆ. ಗಾಳಿ ಕಮ್ಮಿಯಾದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದು ಉರಿಯುವ ಅನಿಲ. ಅದನ್ನು ಕೊಳವೆಗಳಲ್ಲಿ ಹಾಯಿಸಿ, ತಣಿಸಿ, ಬೂದಿ ಸೋಸಿ, ಪೆಟ್ರೋಲ್ ಎಂಜಿನ್ನಿಗೇ ಕೊಟ್ಟರೆ ಬಸ್ಸು ಓಡುತ್ತದೆ. ಇದೇ ಪ್ರೊಡ್ಯೂಸರ್ ಗ್ಯಾಸ್. ಯುರೋಪಿನಲ್ಲೂ ಯುದ್ಧಕಾಲದಲ್ಲಿ ಲಕ್ಷಗಟ್ಟಲೆ ವಾಹನಗಳು ಹೀಗೆ ಕಟ್ಟಿಗೆ, ಇದ್ದಿಲಿನ ಮೇಲೆ ಓಡಿದವು.

ಕಷ್ಟಗಳು ಕಮ್ಮಿಯೇನಲ್ಲ. ಬೆಳಗಿನ ಬಸ್ಸು ಹೊರಡಬೇಕಾದರೆ ಕ್ಲೀನರ್ ಅದಕ್ಕೆ ಮುಂಚೆಯೇ ಎದ್ದು ಬೆಂಕಿ ಹೊತ್ತಿಸಿ, ಗಾಳಿಚಕ್ರ ತಿರುವುತ್ತ ಕೂರಬೇಕು. ಪೆಟ್ರೋಲಿನಲ್ಲಿ ಸಿಗುತ್ತಿದ್ದ ಬಲದಲ್ಲಿ ಮೂರನೇ ಒಂದು ಪಾಲಿನಷ್ಟು ಇದರಲ್ಲಿ ಸೋರಿಹೋಗುತ್ತಿತ್ತು. ದಿಬ್ಬ ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು, ಕೆಲವೊಮ್ಮೆ ತಳ್ಳಲೂಬೇಕು. ಶ್ರೀರಂಗಪಟ್ಟಣದ ಸಮತಟ್ಟಾದ ಗದ್ದೆ ಬಯಲಿನಲ್ಲಿ ಹೇಗೋ ನಡೆದೀತು. ನಾಗಮಂಗಲದ ಏರು ತಗ್ಗಿನ ದಾರಿಯಲ್ಲಿ ಇದ್ದಿಲ ಬಸ್ಸು ಹತ್ತಿದವನು ಟಿಕೆಟ್ಟಿನ ದುಡ್ಡನ್ನೂ ಕೊಟ್ಟು ಕೂಲಿಯನ್ನೂ ಮಾಡಿದಂತೆ. ಮುಚ್ಚಿದ ಕೊಟ್ಟಿಗೆಯಲ್ಲಿ ಬೆಂಕಿ ಹೊತ್ತಿಸಿದರೆ ಪ್ರಾಣಕ್ಕೇ ಅಪಾಯ. ಆ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಆದರೂ ಬಸ್ಸು ನಿಲ್ಲಲಿಲ್ಲ ಎಂಬುದು ದೊಡ್ಡ ಮಾತು. ಆಸ್ಪತ್ರೆಗೆ, ಕೋರ್ಟಿಗೆ, ಸಂತೆಗೆ ಹೋಗುವ ಜನಕ್ಕೆ ತಡವಾಗಿ ಬರುವ ಬಸ್ಸೂ ಬಸ್ಸೇ.

ಅದೇ ಯುದ್ಧದ ಆಸುಪಾಸಿನ ವರ್ಷಗಳಲ್ಲಿ ಮಂಡ್ಯದಲ್ಲಿ ಇನ್ನೊಂದು ಪ್ರಯತ್ನ ನಡೆದಿತ್ತು. ವಿಶ್ವೇಶ್ವರಯ್ಯನವರು ಕಟ್ಟಿಸಿದ ಅಣೆಕಟ್ಟಿನ ನೀರು ನಾಲೆಯಲ್ಲಿ ಹರಿದು, ಕಬ್ಬು ಬೆಳೆದು, ಮಂಡ್ಯದ ಸಕ್ಕರೆ ಕಾರ್ಖಾನೆ ಎದ್ದಿತ್ತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮದ್ಯಸಾರ ಬಟ್ಟಿ ಇಳಿಸಿ, ಅದನ್ನು ಪೆಟ್ರೋಲಿಗೆ ಬೆರೆಸುವ ‘ಪವರ್ ಆಲ್ಕೊಹಾಲ್’ ಅಲ್ಲಿ ತಯಾರಾಯಿತು. 1948ರಲ್ಲಿ ಭಾರತ ಸರ್ಕಾರ ಪವರ್ ಆಲ್ಕೊಹಾಲ್ ಬಗ್ಗೆ ಒಂದು ಕಾಯಿದೆಯನ್ನೇ ಮಾಡಿತು. ಆಮೇಲೆ ಅಗ್ಗದ ತೈಲ ಬಂದು ಎಲ್ಲರೂ ಇದನ್ನು ಮರೆತರು. 2000ದ ದಶಕದಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಎಥನಾಲ್ ಬೆರೆಸಿದ ಡೀಸೆಲ್ಲಿನಲ್ಲಿ ಬಸ್ಸು ಓಡಿಸಿ ನೋಡಿದಾಗ, ಹೊಂಗೆ ಎಣ್ಣೆಯಂಥವುಗಳಿಂದ ತಯಾರಿಸಿದ ಜೈವಿಕ ಡೀಸೆಲ್ಲನ್ನು ಪ್ರಯತ್ನಿಸಿದಾಗ ಪತ್ರಿಕೆಗಳು ಅದನ್ನು ಹೊಸ ಸುದ್ದಿಯೆಂದೇ ಬರೆದವು. ಮಂಡ್ಯದ ಕಾಕಂಬಿಗೆ ಅದು ಹಳೆಯ ಸುದ್ದಿ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ ತನ್ನದೇ ರಸ್ತೆ ಸಾರಿಗೆ ಇಲಾಖೆಯನ್ನು 120 ಬಸ್ಸುಗಳೊಂದಿಗೆ ಆರಂಭಿಸಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ರಾಜ್ಯದ ಹೆಸರು ಬದಲಾದ ಮೇಲೆ ಇಂದಿನ ಕೆಎಸ್‌ಆರ್‌ಟಿಸಿ ಎಂಬ ಹೆಸರು ಬಂತು. ಸರ್ಕಾರದ ಬಸ್ಸು ಮೊದಲು ಹಿಡಿಯುವುದು ದೊಡ್ಡ ದಾರಿಯನ್ನು. ಬೆಂಗಳೂರು–ಮೈಸೂರು ರಸ್ತೆಯ ಮೇಲೆ ಸರ್ಕಾರಿ ಬಸ್ಸುಗಳು ಸಾಲುಗಟ್ಟಿದರೂ ಮಂಡ್ಯ ಜಿಲ್ಲೆಯ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳು ಬಹುಕಾಲ ಉಳಿದವು. ಒಳದಾರಿಯ ಪ್ರಯಾಣಿಕನಿಗೆ ವೇಳಾಪಟ್ಟಿ ಎಂದರೆ ಗೋಡೆಯ ಮೇಲಿನ ಬರಹವಲ್ಲ. ಬಸ್ ನಿಲ್ದಾಣದ ಚಹದಂಗಡಿಯವನ ಬಾಯಿಮಾತು. ‘ಹೋಯ್ತಾ?’ ‘ಇನ್ನೂ ಇಲ್ಲ.’ ‘ಬರ್ತದಾ?’ ‘ಬರಬೇಕು.’ ಇಷ್ಟರಲ್ಲೇ ಮಾಹಿತಿ ವ್ಯವಸ್ಥೆ ಮುಗಿಯಿತು.

ಈ ‘ಬರಬೇಕು’ ಎಂಬ ಮಾತಿಗೆ ಉತ್ತರವಾಗಿ ಬಂದದ್ದು ಮೈಸೂರಿನ ಪ್ರಯೋಗ. ನಗರಗಳ ಸಾರ್ವಜನಿಕ ಸಾರಿಗೆಯನ್ನು ಸುಧಾರಿಸಲು ಕೇಂದ್ರ ಸರ್ಕಾರ, ವಿಶ್ವಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಯ ನೆರವಿನಿಂದ ಕೆಲವು ನಗರಗಳನ್ನು ಆರಿಸಿಕೊಂಡಿತು. ಪುಣೆ, ಪಿಂಪ್ರಿ–ಚಿಂಚ್ವಾಡ, ಇಂದೋರ್, ನಯಾ ರಾಯಪುರದ ಸಾಲಿನಲ್ಲಿ ಮೈಸೂರೂ ಇತ್ತು. ಇಲ್ಲಿ ಕೆಎಸ್‌ಆರ್‌ಟಿಸಿ 2012ರಲ್ಲಿ ಜಾಣ ಸಾರಿಗೆ ವ್ಯವಸ್ಥೆ ಎಂದು ಹೇಳಬಹುದಾದ ಏರ್ಪಾಡನ್ನು ಜಾರಿಗೆ ತಂದಿತು. ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಇದು ‘ಐಟಿಎಸ್’. ಸುಮಾರು 500 ಬಸ್ಸುಗಳು, ನೂರಕ್ಕೂ ಹೆಚ್ಚು ತಂಗುದಾಣಗಳು ಇದರೊಳಗೆ ಬಂದವು. ನಗರ ಬಸ್ ಸೇವೆಯಲ್ಲಿ ಈ ಪ್ರಮಾಣದ ಏರ್ಪಾಡು ದೇಶದಲ್ಲೇ ಮೊದಲ ಸಾಲಿನದು.

ಕೆಲಸ ಮಾಡುವ ಬಗೆ ಹೀಗೆ. ಬಸ್ಸಿನಲ್ಲಿ ಒಂದು ಪೆಟ್ಟಿಗೆ. ಭೂಮಿಯ ಸುತ್ತ ತಿರುಗುವ ಉಪಗ್ರಹಗಳಿಂದ ಬರುವ ಸಂಕೇತಗಳನ್ನು ಅದು ಹಿಡಿಯುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಎಷ್ಟೆಷ್ಟು ತಡವಾಗಿ ಬಂತೆಂದು ಲೆಕ್ಕ ಹಾಕಿದರೆ ಬಸ್ಸು ಎಲ್ಲಿದೆಯೆಂದು ತಿಳಿಯುತ್ತದೆ. ಆ ಸುದ್ದಿಯನ್ನು ಪೆಟ್ಟಿಗೆಯೊಳಗಿನ ಮೊಬೈಲ್ ಸಿಮ್ ಆಗಿಂದಾಗ ನಿಯಂತ್ರಣ ಕೊಠಡಿಗೆ ಕಳಿಸುತ್ತದೆ. ಮುಂದಿನ ನಿಲ್ದಾಣ ಎಷ್ಟು ದೂರ, ಈ ಹೊತ್ತಿನಲ್ಲಿ ಈ ರಸ್ತೆಯಲ್ಲಿ ಬಸ್ಸು ಎಷ್ಟು ವೇಗದಲ್ಲಿ ಓಡುತ್ತದೆ ಎಂದು ಕಂಪ್ಯೂಟರ್ ಅಂದಾಜು ಮಾಡಿ, ಇಂಥ ನಂಬರಿನ ಬಸ್ಸು ಇಷ್ಟು ನಿಮಿಷದಲ್ಲಿ ಬರುತ್ತದೆ ಎಂದು ತಂಗುದಾಣದ ಫಲಕದಲ್ಲಿ ಕೆಂಪಕ್ಷರ ಮೂಡಿಸುತ್ತದೆ. ಬಸ್ಸಿನೊಳಗೆ ಮುಂದಿನ ನಿಲ್ದಾಣದ ಹೆಸರು ಮಾತಿನಲ್ಲಿ ಕೇಳಿಬರುತ್ತದೆ. ಕಣ್ಣು ಕಾಣದವರಿಗೆ, ಓದು ಬಾರದವರಿಗೆ ಆ ಮಾತೇ ಫಲಕಕ್ಕಿಂತ ಹೆಚ್ಚು.

ಇದರ ಇನ್ನೊಂದು ಮುಖ ಪ್ರಯಾಣಿಕರಿಗೆ ಕಾಣುವುದಿಲ್ಲ. ಬಸ್ಸು ದಾರಿ ತಪ್ಪಿತೇ, ನಿಲುಗಡೆಯಲ್ಲಿ ನಿಲ್ಲದೆ ಹೋಯಿತೇ, ಟ್ರಿಪ್ಪು ಮೊಟಕಾಯಿತೇ ಎಂಬುದೆಲ್ಲ ಕೊಠಡಿಯಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಚಾಲಕ–ನಿರ್ವಾಹಕರ ಮಾತು, ತನಿಖಾಧಿಕಾರಿಯ ಜೀಪು, ಪ್ರಯಾಣಿಕರ ದೂರಿನ ಕಾಗದ ಇವಿಷ್ಟೇ ಸಾಕ್ಷಿ. ಹೊಸ ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ, ಸರಿ. ಆದರೆ ರಸ್ತೆಯಲ್ಲಿ ಮೆರವಣಿಗೆ ಇತ್ತೆಂಬುದನ್ನೂ ಅದು ಹೇಳುವುದಿಲ್ಲ. ತಡವಾದ ಬಸ್ಸಿನ ಚಾಲಕನನ್ನು ಪೆಟ್ಟಿಗೆಯ ಲೆಕ್ಕ ಮಾತ್ರ ನೋಡಿ ಅಳೆದರೆ ಅದು ಸಾರಿಗೆಯ ಸುಧಾರಣೆಯಲ್ಲ, ಬರಿಯ ಕಾವಲು.

ಮೈಸೂರನ್ನೇ ಆರಿಸಿಕೊಂಡದ್ದರಲ್ಲಿ ಜಾಣತನವಿತ್ತು. ಊರು ತೀರ ದೊಡ್ಡದಲ್ಲ, ಚಿಕ್ಕದೂ ಅಲ್ಲ. ಪ್ರಯೋಗ ಕೆಟ್ಟರೆ ಕೈ ಸುಡುವುದು ಕಮ್ಮಿ. ಗೆದ್ದರೆ ಉಳಿದ ಊರಿಗೆ ಒಯ್ಯಬಹುದು. 2016ರಲ್ಲಿ ಬೆಂಗಳೂರಿನ ಬಿಎಂಟಿಸಿ ಇಂಥದೇ ವ್ಯವಸ್ಥೆಯನ್ನು ತನ್ನ ಸಾವಿರಾರು ಬಸ್ಸುಗಳಿಗೆ ಅಳವಡಿಸಿತು. 2017ರ ಜೂನ್‌ನಲ್ಲಿ ಮೈಸೂರಿನಲ್ಲೇ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ಯೋಜನೆ ಶುರುವಾಯಿತು. ಅದಕ್ಕೂ ಮೂಲ ಅದೇ ಜಾಗತಿಕ ಪರಿಸರ ನಿಧಿ. 450 ಸೈಕಲ್ಲು, 48 ನಿಲ್ದಾಣ. ಬಸ್ಸಿಳಿದವರು ಮನೆಯವರೆಗಿನ ಕಡೆಯ ಒಂದೆರಡು ಕಿಲೋಮೀಟರಿಗೆ ಆಟೋ ಹುಡುಕಬಾರದೆಂಬುದು ಉದ್ದೇಶ.

ಮೈಸೂರು ನಗರ ಸಾರಿಗೆಯ ಬಸ್ಸುಗಳು ಶ್ರೀರಂಗಪಟ್ಟಣಕ್ಕೂ ಕೃಷ್ಣರಾಜಸಾಗರಕ್ಕೂ ಓಡುತ್ತವೆ. ಹೀಗಾಗಿ ನಗರಕ್ಕೆಂದು ಮಾಡಿದ ಪ್ರಯೋಗದ ಅಂಚು ಕಾವೇರಿಯನ್ನು ದಾಟಿ ಮಂಡ್ಯ ಜಿಲ್ಲೆಯೊಳಕ್ಕೂ ಬಂತು. ಮೈಸೂರಿನ ಕಾರ್ಖಾನೆಗೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗಿ ಬರುವ ಶ್ರೀರಂಗಪಟ್ಟಣದವರು ಲೆಕ್ಕಕ್ಕೆ ಬೇರೆ ಜಿಲ್ಲೆಯವರಾದರೂ ಓಡಾಟದಲ್ಲಿ ಮೈಸೂರಿನವರೇ. ಅದೇ ಕಾಲೇಜಿಗೆ ಕೃಷ್ಣರಾಜಪೇಟೆಯಿಂದ ಬರುವ ಹುಡುಗಿಗೆ ಮೈಸೂರು ಬಸ್ ನಿಲ್ದಾಣದಲ್ಲಿ ನಗರದ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆಂದು ಗೊತ್ತಾಯಿತು. ತನ್ನ ಊರಿಗೆ ಹೋಗುವ ಬಸ್ಸು ಎಲ್ಲಿದೆಯೆಂಬುದು ಆ ಫಲಕದ ಲೆಕ್ಕದಲ್ಲಿ ಇರಲಿಲ್ಲ. ಐದು ನಿಮಿಷಕ್ಕೊಂದು ಬಸ್ಸಿರುವ ರಸ್ತೆಯಲ್ಲಿ ಬಸ್ಸು ಯಾವಾಗ ಬರುತ್ತದೆಂದು ತಿಳಿಸುವುದು ಸೌಕರ್ಯ. ಎರಡು ಗಂಟೆಗೊಂದು ಬಸ್ಸಿರುವ ರಸ್ತೆಯಲ್ಲಿ ಅದು ಅಗತ್ಯ. ಪ್ರಯೋಗಗಳು ಮಾತ್ರ ಯಾವಾಗಲೂ ಮೊದಲ ಬಗೆಯ ರಸ್ತೆಯಲ್ಲೇ ನಡೆಯುತ್ತವೆ. ದುಡ್ಡು ಕೊಡುವವರ ಲೆಕ್ಕದಲ್ಲಿ ಫಲಕವೊಂದಕ್ಕೆ ಎಷ್ಟು ಪ್ರಯಾಣಿಕರು ಎಂಬ ಕಾಲಂ ಇರುತ್ತದೆ. ಒಬ್ಬ ಪ್ರಯಾಣಿಕನಿಗೆ ಎಷ್ಟು ಕಾಯುವಿಕೆ ಎಂಬ ಕಾಲಂ ಇರುವುದಿಲ್ಲ.

ಒಳದಾರಿಗೂ ತಲುಪಿದ ಒಂದು ಯಂತ್ರವಿದೆ. ಅದು ನಿರ್ವಾಹಕನ ಕೈಯ ಟಿಕೆಟ್ ಯಂತ್ರ. ಮೊದಲು ಬಣ್ಣ ಬಣ್ಣದ ಚೀಟಿಗಳ ಕಟ್ಟು, ಪಂಚಿಂಗ್ ಇಕ್ಕಳ, ಕಿವಿಯ ಮೇಲೊಂದು ಪೆನ್ಸಿಲು, ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಬೆನ್ನ ಮೇಲೆ ಬರೆದ ಬಾಕಿ. ಬಸ್ಸು ನಿಲ್ಲಿಸಿ ವೇ ಬಿಲ್ ತುಂಬುವ ನಿರ್ವಾಹಕನನ್ನು ಬಯ್ಯದ ಪ್ರಯಾಣಿಕರಿರಲಿಲ್ಲ. ಅಂಗೈಯ ಯಂತ್ರ ಬಂದ ಮೇಲೆ ಯಾವ ಹಳ್ಳಿಯಲ್ಲಿ ಎಷ್ಟು ಜನ ಹತ್ತಿದರು, ಎಲ್ಲಿ ಇಳಿದರು ಎಂಬ ಲೆಕ್ಕ ತಾನಾಗಿಯೇ ಸಂಗ್ರಹವಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಸಿಕ್ಕಿದಾಗ, ಆ ಯಂತ್ರ ಹರಿದು ಕೊಡುವ ಶೂನ್ಯ ದರದ ಚೀಟಿಯ ಮೇಲೆಯೇ ಇಡೀ ಯೋಜನೆಯ ಲೆಕ್ಕ ನಿಂತಿತು. ನಾಗಮಂಗಲದ ಹಳ್ಳಿಯಿಂದ ಸಂತೆಗೆ ಹೋಗಿ ಬರುವ ಹೆಂಗಸು ಸರ್ಕಾರದ ಕಂಪ್ಯೂಟರಿಗೆ ಪ್ರಯಾಣಿಕಳಾಗಿ ಕಾಣಿಸಿಕೊಂಡದ್ದು ಹೀಗೆ.

ಬೆಂಗಳೂರಿನಲ್ಲಿ 2014ರ ಫೆಬ್ರುವರಿಯಲ್ಲಿ ಬಿಎಂಟಿಸಿ ಚೀನಾದ ಬಿವೈಡಿ ಕಂಪನಿಯ ಒಂದು ವಿದ್ಯುತ್ ಬಸ್ಸನ್ನು ಮೆಜೆಸ್ಟಿಕ್–ಕಾಡುಗೋಡಿ ದಾರಿಯಲ್ಲಿ ಮೂರು ತಿಂಗಳ ಪರೀಕ್ಷೆಗೆ ಬಿಟ್ಟಿತು. ಓಡಿತು, ಹೊಗೆಯಿಲ್ಲ, ಸದ್ದಿಲ್ಲ, ಜನ ಮೆಚ್ಚಿದರು. ಬೆಲೆ ಎರಡು ಕೋಟಿ ರೂಪಾಯಿ ದಾಟಿದ್ದರಿಂದ ಪರೀಕ್ಷೆ ಮುಗಿದ ಮೇಲೆ ಬಸ್ಸು ಹಿಂದಕ್ಕೆ ಹೋಯಿತು. ಸಂಸ್ಥೆಯ ವಿದ್ಯುತ್ ಬಸ್ಸುಗಳು ಮತ್ತೆ ಬೆಂಗಳೂರಿನ ರಸ್ತೆಗೆ ಇಳಿದದ್ದು 2021ರ ಕೊನೆಯ ಹೊತ್ತಿಗೆ. 2023ರ ಜನವರಿಯಲ್ಲಿ ಕೆಎಸ್‌ಆರ್‌ಟಿಸಿಯ ‘ಇವಿ ಪವರ್ ಪ್ಲಸ್’ ಬೆಂಗಳೂರು–ಮೈಸೂರು ನಡುವೆ ಓಡತೊಡಗಿತು.

ವಿದ್ಯುತ್ತಿನ ಮಾತು ಬಂದಾಗ ಮಂಡ್ಯ ಜಿಲ್ಲೆಯವರು ಸ್ವಲ್ಪ ಗರ್ವ ಪಟ್ಟರೂ ತಪ್ಪಿಲ್ಲ, ಸ್ವಲ್ಪ ಮುನಿಸಿಕೊಂಡರೂ ತಪ್ಪಿಲ್ಲ. ಇಂದಿನ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಹುಟ್ಟಿದ್ದು 1902ರಲ್ಲಿ. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಆಮೇಲೆ ಬೆಂಗಳೂರಿನ ದೀಪಕ್ಕೆ, ಮೈಸೂರಿನ ಅರಮನೆಗೆ. ಅದೇ ಕಾಲದಲ್ಲಿ ಮದರಾಸು, ಕಲ್ಕತ್ತದ ಬೀದಿಗಳಲ್ಲಿ ವಿದ್ಯುತ್ ಟ್ರಾಮು ಓಡುತ್ತಿತ್ತು. ಮೈಸೂರು ಸಂಸ್ಥಾನದ ನಗರಗಳಿಗೆ ಟ್ರಾಮು ಬರಲೇ ಇಲ್ಲ. ಜಿಲ್ಲೆಯ ಹಳಿಯ ಮೇಲೆ ವಿದ್ಯುತ್ ರೈಲು ಓಡಲು ಮದ್ದಿನ ಮನೆ ಸರಿಯಬೇಕಾಯಿತು. ವಿದ್ಯುದೀಕರಣಗೊಂಡ ಬೆಂಗಳೂರು–ಮೈಸೂರು ಜೋಡಿ ಮಾರ್ಗವನ್ನು 2018ರ ಫೆಬ್ರುವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಮೈಸೂರಿನಲ್ಲಿ ರಾಷ್ಟ್ರಕ್ಕೆ ಅರ್ಪಿಸಿದರು. ಶಿವನಸಮುದ್ರದಲ್ಲಿ ಮೊದಲ ದೀಪ ಹತ್ತಿ 115 ವರ್ಷ ಕಳೆದಿತ್ತು.

ಜೋಡಿ ಹಳಿಯಿಂದ ಆದ ಲಾಭವನ್ನು ದಿನನಿತ್ಯದ ಪ್ರಯಾಣಿಕರನ್ನು ಕೇಳಬೇಕು. ಒಂಟಿ ಹಳಿಯಲ್ಲಿ ಎದುರು ಬದುರು ರೈಲುಗಳು ನಿಲ್ದಾಣದಲ್ಲಿ ಮಾತ್ರ ಒಂದನ್ನೊಂದು ದಾಟಬಹುದು. ‘ಕ್ರಾಸಿಂಗ್’ ಎಂಬ ಒಂದು ಶಬ್ದಕ್ಕೆ ಪ್ಯಾಸೆಂಜರ್ ರೈಲಿನ ಜನ ಹೆದರುತ್ತಿದ್ದರು. ದೂರದೂರಿನ ವೇಗದ ರೈಲಿಗೆ ದಾರಿ ಬಿಟ್ಟು, ಯಾವುದೋ ನಿಲ್ದಾಣದಲ್ಲಿ ಕಡಲೆಕಾಯಿ ಮೆಲ್ಲುತ್ತ ಕೂರುವುದು ಅವರ ಪಾಲು. ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬಿದ್ದರೆ ಮೇಲಧಿಕಾರಿಗೆ ಕ್ರಾಸಿಂಗಿನ ಕಥೆ ಹೇಳಿ ಉಪಯೋಗವಿರಲಿಲ್ಲ. ಎರಡನೆಯ ಹಳಿ ಆ ಕಾಯುವಿಕೆಯನ್ನು ತಗ್ಗಿಸಿತು. 2022ರ ನವೆಂಬರ್ 11ರಂದು ದಕ್ಷಿಣ ಭಾರತದ ಮೊದಲ ವಂದೇ ಭಾರತ್ ರೈಲು ಇದೇ ಹಳಿಯ ಮೇಲೆ ಓಡಿತು. ಮದ್ದಿನ ಮನೆ ಬಿಟ್ಟುಕೊಟ್ಟ ಜಾಗದಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹಾದುಹೋಯಿತು. ಶ್ರೀರಂಗಪಟ್ಟಣದಲ್ಲಿ ಅದಕ್ಕೆ ನಿಲುಗಡೆ ಇರಲಿಲ್ಲ. ಮುಂದಿನ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯೂ ಊರನ್ನು ಬಳಸಿಕೊಂಡೇ ಹೋಯಿತು.

ಮದ್ದಿನ ಮನೆ ಸರಿದ ಅದೇ 2017ರ ಮಾರ್ಚ್ ತಿಂಗಳ ಕೊನೆಯಲ್ಲಿ ಇನ್ನೊಂದು ಘಟನೆ ನಡೆಯಿತು. ಕಟ್ಟಡ ನಡೆದ ಸುದ್ದಿಯಷ್ಟು ಅದು ಹೊರಗೆ ಗದ್ದಲ ಮಾಡಲಿಲ್ಲ. 1996ರಲ್ಲಿ, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ ಮಂಜೂರಾಗಿದ್ದ ಬೆಂಗಳೂರು–ಹಾಸನ ಹೊಸ ರೈಲು ಮಾರ್ಗ ಪೂರ್ತಿಯಾಗಿ, ಕುಣಿಗಲ್, ಶ್ರವಣಬೆಳಗೊಳದ ಮೇಲೆ ಮೊದಲ ರೈಲು ಓಡಿತು. ನಡುವೆ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಬಳಿ ಬಿ.ಜಿ. ನಗರ ನಿಲ್ದಾಣ. ಶ್ರೀರಂಗಪಟ್ಟಣಕ್ಕೆ ರೈಲು ಬಂದ 135 ವರ್ಷಗಳ ಮೇಲೆ ನಾಗಮಂಗಲದ ನೆಲದಲ್ಲಿ ರೈಲಿನ ಕೂಗು ಕೇಳಿತು. ನಿಲ್ದಾಣದಿಂದ ನಾಗಮಂಗಲ ಪಟ್ಟಣ ಮತ್ತಷ್ಟು ದೂರ. ರೈಲಿಳಿದವರು ಹೆದ್ದಾರಿಗೆ ಬಂದು, ರಸ್ತೆ ಬದಿ ನಿಂತು, ನಾಗಮಂಗಲದ ಬಸ್ಸು ಹೋಯಿತೇ ಎಂದು ಅಂಗಡಿಯವರನ್ನು ಕೇಳಬೇಕು.